ನಾನು ಮಾತ್ರೆ ಕೇಳಿದ್ದೆ, ಇಂಜೆಕ್ಷನ್ ಕೇಳಿರಲಿಲ್ಲ

ಅರಿವಳಿಕೆ ಕೊಡುವುದು ನನ್ನ ಕೆಲಸ. "ಶುಗರ್‌ಗೆ ಯಾವ ಮಾತ್ರೆ ತಗೋತೀರಿ?" ಅಂತ ಆಪರೇಷನ್‌ಗೆ ಮುಂಚೆ ಎಲ್ಲರನ್ನೂ ಕೇಳುತ್ತಿದ್ದೆ. ತಪ್ಪು ಆ ಪ್ರಶ್ನೆಯಲ್ಲೇ ಇತ್ತು.

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಬಂದಿದ್ದ ಒಬ್ಬರು ಮೆಟ್‌ಫಾರ್ಮಿನ್ ಅಂದರು. ಊಟ ಮಾಡಿ 12 ಗಂಟೆ ದಾಟಿತ್ತು. ಟೇಬಲ್ ಮೇಲೆ ಮಲಗುವಾಗ ಅವರೇ ಹೇಳಿದರು: "ಡಾಕ್ಟ್ರೇ, ಹೊಟ್ಟೆ ಭಾರ ಅನಿಸ್ತಿದೆ. ವಾರದ ಇಂಜೆಕ್ಷನ್ ತಗೊಂಡ್ರೆ ಹೀಗೇ." ಅದು ಸೆಮಾಗ್ಲುಟೈಡ್, ಶುಗರ್‌ಗೂ ತೂಕ ಇಳಿಸಲೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿ. ಈಚೆಗಷ್ಟೇ ಡೋಸ್ ಏರಿಸಿದ್ದರಂತೆ.

ಅಲ್ಲೇ ತಡೆದೆ. ಬಲಮಗ್ಗುಲಿಗೆ ಹೊರಳಿಸಿ, ಎದೆಗೂಡಿನ ಕೆಳಗೆ ಸ್ಕ್ಯಾನ್ ಪ್ರೋಬ್ ಇಟ್ಟೆ. ಖಾಲಿ ಹೊಟ್ಟೆಯಾದರೆ ಲಿವರ್ ಅಂಚಿನ ಹತ್ತಿರ ಜಠರದ ತುದಿ ಪುಟ್ಟ ಉಂಗುರದ ಹಾಗೆ ಕಾಣುತ್ತದೆ. ಇವರದು ಉಬ್ಬಿಕೊಂಡಿತ್ತು, ಒಳಗೆಲ್ಲ ಬೆಳ್ಳನೆಯ ಚೂರುಗಳು. ರಾತ್ರಿ ಉಂಡದ್ದು ಹಾಗೇ ಕೂತಿತ್ತು! ಪ್ರಜ್ಞೆ ತಪ್ಪಿಸಿದ್ದರೆ ಅದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಿತ್ತು. ತುರ್ತೇನೂ ಇರಲಿಲ್ಲ. ಸರ್ಜನ್ ಜೊತೆ ಮಾತಾಡಿ ಮುಂದೂಡಿದೆವು.

ಈ ಔಷಧಿ ಜಠರ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ವಾರ ಕಳೆದರೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಹಾಗಾಗಿ ಒಂದು ಡೋಸ್ ಬಿಟ್ಟರೆ ಸಾಕು ಅಂತ ನಂಬಿ ಕೂರುವ ಹಾಗಿಲ್ಲ. ವಾರದ ಡೋಸ್ ಒಂದು ವಾರ ಮುಂಚೆ ನಿಲ್ಲಿಸಿ ಅಂತ 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಹೇಳಿತ್ತು. 2024ರಲ್ಲಿ ಬೇರೆ ಸಂಘಗಳೂ ಸೇರಿ ಅದನ್ನು ಸಡಿಲಿಸಿದವು: ಹೆಚ್ಚಿನವರು ಮುಂದುವರಿಸಬಹುದು. ಡೋಸ್ ಏರಿಸುತ್ತಿರುವವರು, ವಾಕರಿಕೆ, ಹೊಟ್ಟೆಯುಬ್ಬರ ಇರುವವರ ಬಗ್ಗೆ ಮಾತ್ರ ಜಾಸ್ತಿ ಎಚ್ಚರ ಬೇಕು, ಅಂಥವರಿಗೆ ಹಿಂದಿನ 24 ಗಂಟೆ ಬರೀ ದ್ರವಾಹಾರ. ನನಗೆ ಇದೇ ಸರಿ ಅನಿಸುತ್ತದೆ. ಎಲ್ಲರಿಗೂ ಸುಮ್ನೆ ನಿಲ್ಲಿಸಿದರೆ ಶುಗರ್ ಏರುತ್ತದೆ, ಅದೂ ಗಾಯಕ್ಕೆ ಒಳ್ಳೆಯದಲ್ಲ.

ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮಾತ್ರೆಗಳ ಕಾಟ ಬೇರೆ ಥರ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇಂಥ ಮಾತ್ರೆ ತಗೊಳ್ಳುತ್ತಿದ್ದ ಒಬ್ಬರಿಗೆ ಆಪರೇಷನ್ ಆದ ಮಾರನೇ ದಿನ ವಾಂತಿ, ಏದುಸಿರು. ಶುಗರ್ ಬರೀ 170. ನೋವಿಗೆ ಹೀಗಾಗಿದೆ ಅಂದುಕೊಂಡೆವು. ಮಧ್ಯಾಹ್ನ ರಕ್ತದ ಕೀಟೋನ್ (ಮೈ ಸಕ್ಕರೆ ಬದಲು ಕೊಬ್ಬು ಸುಟ್ಟಾಗ ಹುಟ್ಟುವ ಆಮ್ಲ) ನೋಡಿದಾಗ ಎದೆ ಧಸಕ್ಕೆಂದಿತು. ರಕ್ತ ಆಮ್ಲವಾಗಿತ್ತು. ಗ್ಲೂಕೋಸ್ ಡ್ರಿಪ್ ಜೊತೆಗೇ ಇನ್ಸುಲಿನ್ ಕೊಟ್ಟು ಸರಿಪಡಿಸಿದೆವು. ಈ ಎರಡು ಮಾತ್ರೆಗಳಲ್ಲಿ ಯಾವುದನ್ನೇ ಆದರೂ ಆಪರೇಷನ್‌ಗೆ 3 ದಿನ ಮುಂಚೆಯೇ ನಿಲ್ಲಿಸಬೇಕಿತ್ತು.

ಈಗ ಶುಗರ್ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ. ಮನೆಯಲ್ಲಿರುವ ಔಷಧಿ ಡಬ್ಬಿ, ಇಂಜೆಕ್ಷನ್ ಪೆನ್ನು ಎಲ್ಲವನ್ನೂ ತರಲು ಹೇಳುತ್ತೇನೆ. ತೂಕ ಇಳಿಸಲು ಅಂತ ತಗೊಳ್ಳುವುದನ್ನೂ ಬಿಡಬೇಡಿ ಅನ್ನುತ್ತೇನೆ.