ಇಬ್ಬರಿಗೊಂದು ಫೋನ್

ನಾಟಕ ಶುರುವಾಗುವ ಮುಂಚೆ 'ಫೋನ್ ಆಫ್ ಮಾಡಿ' ಅಂತ ಹೇಳಿ ಹೇಳಿ ರೂಢಿಯಾದ ಬಾಯಿ ನನ್ನದು. ಅದೇ ಬಾಯಲ್ಲಿ 'ಫೋನ್ ಕೈಯಲ್ಲೇ ಇರಲಿ' ಅಂದಾಗ ಅರ್ಧ ಸಭೆ ನಕ್ಕಿತು.

80 ನಿಮಿಷದ ನಾಟಕ. ತಂಗಿಗೆ ಅಣ್ಣನ ಮುಚ್ಚಿದ ಕಾಗದ ಸಿಗುತ್ತದೆ. ಓದಬೇಕಾ, ಸುಡಬೇಕಾ? ಪ್ರೇಕ್ಷಕರು ಫೋನಿನಲ್ಲಿ ಮತ ಹಾಕಿ ಹೇಳಬೇಕು. ಇಂಥ ಆಯ್ಕೆ ಮೂರು ಕಡೆ. ಪ್ರತಿ ಸಲ ಎರಡು ದಾರಿ ಅಂದರೆ ಕೊನೆಗೆ ಎಂಟು ನಾಟಕ ಆಗುತ್ತವೆ, ಅಷ್ಟನ್ನು ತಾಲೀಮು ಮಾಡೋಕೆ ಯಾರಿಗೆ ಪುರುಸೊತ್ತು? 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಚೆಕೊಸ್ಲೊವಾಕಿಯಾದವರು ಕಿನೋಆಟೋಮ್ಯಾಟ್ ಅಂತ ಒಂದು ಸಿನಿಮಾ ತೋರಿಸಿದ್ದರು. ಸೀಟಿಗೆ ಎರಡು ಬಟನ್, ಒಂದು ಕೆಂಪು, ಒಂದು ಹಸಿರು. ಯಾವುದನ್ನು ಒತ್ತಿದರೂ ಕಥೆ ಮುಂದಿನ ಆಯ್ಕೆಯ ಹೊತ್ತಿಗೆ ಒಂದೇ ಜಾಗಕ್ಕೆ ಬಂದು ಸೇರುತ್ತಿತ್ತು. ನಾನೂ ಮೊದಲೆರಡು ಆಯ್ಕೆಗೆ ಹಾಗೇ ಮಾಡಿದೆ. ಕಾಗದದ್ದು ಕೊನೆಯದು. ಅಲ್ಲಿ ಮಾತ್ರ ನಿಜವಾಗಿ ಎರಡು ಅಂತ್ಯ.

ಆ್ಯಪ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಒಂದು ಸಂಜೆಗೋಸ್ಕರ ಯಾರೂ ಡೌನ್‌ಲೋಡ್ ಮಾಡಿಕೊಳ್ಳುವುದಿಲ್ಲ. ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಒಂದು ವೈಫೈ ರೂಟರ್, ಟಿಕೆಟ್ ಮೇಲೆ ಕ್ಯೂಆರ್ ಕೋಡ್, ಅಷ್ಟೇ. ಇಂಟರ್ನೆಟ್ ಇಲ್ಲ. ಪೈ ಒಳಗೇ ಒಂದು ವೆಬ್ ಪುಟ, ಕಪ್ಪು ಹಿನ್ನೆಲೆಯಲ್ಲಿ ಮಂಕಾದ ಎರಡು ಬಟನ್. ಬಿಳಿ ಪುಟ ಇಟ್ಟರೆ ಸಭೆಯೆಲ್ಲ ಬೆಳಗಿ ಲೈಟಿಂಗ್ ಮಾಡಿದವರ ಶ್ರಮ ಮಣ್ಣುಪಾಲಾಗುತ್ತದೆ.

ಖಾಲಿ ಹಾಲ್‌ನಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಜನ ತುಂಬಿದ ಮೊದಲ ಶೋನಲ್ಲೇ ಕೈಕೊಟ್ಟಿತು. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಎಷ್ಟೋ ಫೋನ್‌ಗಳು ತಾವಾಗಿಯೇ ಮೊಬೈಲ್ ಡೇಟಾಗೆ ಹಾರಿದವು. ಸ್ಕ್ರೀನ್ ಆರಿದ ಫೋನ್‌ಗಳ ಸಂಪರ್ಕ ತಪ್ಪಿತು. ಇನ್ನೊಂದು ನನಗೆ ಹೊಳೆದೇ ಇರಲಿಲ್ಲ: ಮನುಷ್ಯನ ಮೈಯಲ್ಲಿ ಜಾಸ್ತಿ ಇರುವುದು ನೀರು. ವೈಫೈನ 2.4 ಗಿಗಾಹರ್ಟ್ಸ್ ಅಲೆಯನ್ನು ಅದು ಹೀರಿಕೊಳ್ಳುತ್ತದೆ. ರೂಟರ್ ಅನ್ನು ವೇದಿಕೆ ಪಕ್ಕ ನೆಲದ ಮೇಲೆ ಇಟ್ಟಿದ್ದೆ. ಹಿಂದಿನ ಸಾಲುಗಳಿಗೂ ಅದಕ್ಕೂ ನಡುವೆ ಜನರದ್ದೇ ಗೋಡೆ! ಮರುದಿನ ಅದನ್ನು ಲೈಟ್ ಕಟ್ಟುವ ಕಂಬಿಗೆ, ಎಲ್ಲರ ತಲೆಯಿಂದ ಮೇಲಕ್ಕೆ ಏರಿಸಿದೆ. ಸ್ಕ್ರೀನ್ ಮತ್ತೆ ಹೊತ್ತಿಕೊಂಡ ತಕ್ಷಣ ಪುಟ ತಾನೇ ಮತ್ತೆ ಸೇರಿಕೊಳ್ಳುವಂತೆ ಕೋಡ್ ತಿದ್ದಿದೆ.

ಆದರೂ ಆ ಸಣ್ಣ ರೂಟರ್‌ಗೆ ಅಷ್ಟೊಂದು ಫೋನ್ ತಡೆಯುತ್ತಿರಲಿಲ್ಲ. ಹೊಸದಕ್ಕೆ ದುಡ್ಡಿಲ್ಲ. ವಿಧಿಯಿಲ್ಲದೆ 'ಇಬ್ಬರಿಗೊಂದು ಫೋನ್ ಸಾಕು' ಅಂತ ಘೋಷಿಸಿದೆ.

ಆ ರಾತ್ರಿ ನಾಟಕವೇ ಬೇರೆ ಆಯಿತು. ಒಬ್ಬೊಬ್ಬರ ಕೈಲೂ ಫೋನ್ ಇದ್ದಾಗ ಸುಮ್ನೆ ಒತ್ತಿ ಕೂರುತ್ತಿದ್ದರು. ಈಗ ಪಕ್ಕದವರನ್ನು ಕೇಳಲೇಬೇಕು. 'ಅಣ್ಣಂದು ಅಲ್ವಾ, ಯಾಕೆ ಓದ್ತಾಳೆ?' 'ಅವನೇನು ಇವಳನ್ನ ಕೇಳಿ ಹೋದನಾ?' ಹೀಗೆ ಕತ್ತಲಲ್ಲಿ ಸಾಲುಸಾಲಾಗಿ ಪಿಸುಮಾತು. ಗುರುತಿಲ್ಲದವರ ನಡುವೆಯೂ. ಆಮೇಲೆ ದುಡ್ಡು ಬಂದರೂ ದೊಡ್ಡ ರೂಟರ್ ತರಲಿಲ್ಲ.

ಮತ ಎಣಿಸುವ 20 ಸೆಕೆಂಡ್ ನನ್ನನ್ನು ಜಾಸ್ತಿ ಕಾಡಿತು. ಮೊದಲು ಪರದೆ ಮೇಲೆ ಶೇಕಡಾವಾರು ಪಟ್ಟಿ ಏರಿಳಿಯುವುದನ್ನು ತೋರಿಸುತ್ತಿದ್ದೆ. ಜನ ನಟಿಯನ್ನು ಬಿಟ್ಟು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ಅದನ್ನೇ ನೋಡಿದರು. ಕಿತ್ತು ಹಾಕಿದೆ. ಬದಲಿಗೆ ವೇದಿಕೆ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ, ಅವಳಿಗೊಬ್ಬಳಿಗೇ ಕಾಣುವಂತೆ, ಪೈಗೆ ಎರಡು ಎಲ್‌ಇಡಿ ಜೋಡಿಸಿದೆ. ಹಸಿರು ಬಂದರೆ ಓದು, ಕೆಂಪು ಬಂದರೆ ಸುಡು. ಅವಳು ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ನಿಲ್ಲುತ್ತಾಳೆ. ಫಲಿತಾಂಶ ಜನರಿಗೆ ಗೊತ್ತಾಗುವುದು ಅವಳ ಕೈಯಿಂದಲೇ.

ಒಂದು ದಿನ ಎರಡು ಕಡೆಯೂ 31 ಮತ ಬಿದ್ದವು. ಸಮ ಬಂದರೆ ಏನು ಅನ್ನುವ ಸಾಲು ನನ್ನ ಕೋಡ್‌ನಲ್ಲಿ ಇರಲೇ ಇಲ್ಲ. ಎರಡೂ ದೀಪ ಹೊತ್ತಲಿಲ್ಲ. ಅವಳು ವಿಂಗ್ ಕಡೆ ನೋಡಿದಳು. ಕಡ್ಡಿ ಗೀರಿದಳು, ಅದು ಉರಿದು ಬೆರಳ ಹತ್ತಿರ ಬಂದು ಆರಿತು. ಇನ್ನೊಂದು ಗೀರಿದಳು. ಆಗ ಕತ್ತಲೊಳಗಿಂದ ಒಬ್ಬ ಹೆಂಗಸು, 'ಓದಮ್ಮಾ, ಓದಿಬಿಡು' ಅಂದರು.

ಅವಳು ಕಡ್ಡಿ ಊದಿ, ಕಾಗದ ಬಿಡಿಸಿದಳು. ಕೋಡ್‌ಗೆ ಆ ಸಾಲನ್ನು ನಾನು ಇನ್ನೂ ಸೇರಿಸಿಲ್ಲ.