ಮನಸ್ಸು–ದೇಹದ ಚರ್ಚೆ ನಡೆಸುವುದು ಹೇಗೆ

ಮನಸ್ಸು ದೇಹಕ್ಕಿಂತ ಬೇರೆಯೇ, ಅಥವಾ ಎರಡೂ ಒಂದೇನಾ? ಮುಂಬಯಿ ಕಡೆಯ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಕನ್ನಡ ಓದುಗರ ಬಳಗ ಈ ಚರ್ಚೆಗೆ ಕೂರುವುದಾದರೆ ಎಂಟು–ಹತ್ತು ಜನ, ಎರಡು ಗಂಟೆ ಸಾಕು. ಭಾನುವಾರವಾದರೆ ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಮೆಗಾ ಬ್ಲಾಕ್ ಮುಗಿದ ಮೇಲೆ, ಸಂಜೆ 5ಕ್ಕೆ ಇಟ್ಟುಕೊಳ್ಳಿ.

“ಆತ್ಮ ಇದೆಯೇ?” ಎಂದು ಶುರು ಮಾಡಬೇಡಿ, ಮಾತು ಪುನರ್ಜನ್ಮಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಘಟನೆ ಮುಂದಿಡಿ: ವಡಾಪಾವ್ ಜೊತೆಗಿನ ಹಸಿಮೆಣಸಿನಕಾಯಿ ಕಚ್ಚಿದಿರಿ, ಬಾಯಿ ಉರಿಯಿತು, ಕೈ ನೀರಿನ ಲೋಟಕ್ಕೆ ಹೋಯಿತು. ಮೊದಲು ದೇಹದೊಳಗೆ ನಡೆದದ್ದನ್ನು ಬೋರ್ಡಿನ ಮೇಲೆ ಸಾಲಾಗಿ ಬರೆಯಿರಿ: ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನಾಲಿಗೆಯ ಟಿಆರ್‌ಪಿವಿ1 ಗ್ರಾಹಕವನ್ನು, ಅಂದರೆ ಉರಿಯನ್ನು ಗುರುತಿಸುವ ಪ್ರೋಟೀನನ್ನು, ಕೆಣಕುತ್ತದೆ (ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ಕೆರಳುವುದು ಇದೇ), ನರ, ಮಿದುಳು, ಸ್ನಾಯು. ಆಮೇಲೆ ಕೇಳಿ: ಉರಿಯ ಅನುಭವ ಈ ಸಾಲಿನಲ್ಲಿ ಎಲ್ಲಿದೆ? ಕೈ ಎತ್ತಿಸಿದ್ದು ಅದೇನಾ?

ಈಗ ಪಕ್ಷ ಹಂಚಿ. ಫ್ರೆಂಚ್ ತತ್ತ್ವಜ್ಞಾನಿ ದೇಕಾರ್ತ್ 1641ರಲ್ಲಿ ಮನಸ್ಸು ಜಾಗ ಹಿಡಿಯದ ಬೇರೆಯೇ ದ್ರವ್ಯ, ಅಂದರೆ ದೇಹವಿಲ್ಲದೆಯೂ ಇರಬಲ್ಲ ವಸ್ತು ಎಂದ. ಬೊಹೇಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲಿ ಪತ್ರ ಬರೆದು ಕೇಳಿದಳು: ಅಂಥದ್ದು ದೇಹವನ್ನು ಅಲುಗಿಸುವುದು ಹೇಗೆ? ಈ ಪ್ರಶ್ನೆಗೆ ಅರ್ಧ ಗಂಟೆ ಮೀಸಲಿಡಿ, ಎಲ್ಲ ಪಕ್ಷದವರೂ ಉತ್ತರಿಸಲಿ. ಇಂಗ್ಲಿಷ್ ಜೀವವಿಜ್ಞಾನಿ ಟಿ. ಎಚ್. ಹಕ್ಸ್ಲಿ 1874ರಲ್ಲಿ ಹೇಳಿದ್ದು, ಅನುಭವ ಮಿದುಳಿನಿಂದ ಹುಟ್ಟುತ್ತದೆ, ತಾನೇನನ್ನೂ ಮಾಡಿಸದು. ಹಾಗಾದರೆ “ಅಯ್ಯೋ ಖಾರ” ಎಂದು ನೀವು ಕೂಗಿದ್ದಕ್ಕೂ ಖಾರದ ಅನುಭವ ಕಾರಣವಲ್ಲ. ಇದಕ್ಕೆ ಒಪ್ಪಿಗೆಯೇ ಎಂದು ಆ ಪಕ್ಷವನ್ನು ಬಿಡದೆ ಕೇಳಿ. ಬ್ರಿಟಿಷ್ ತತ್ತ್ವಜ್ಞಾನಿ ಯು. ಟಿ. ಪ್ಲೇಸ್ (1956) ಪ್ರಕಾರ ಅನುಭವವೆಂದರೆ ಮಿದುಳಿನ ಕ್ರಿಯೆಯೇ. ಆ ಪಕ್ಷದವರೆದುರು ಆಕ್ಟೋಪಸ್ ಇಡಿ: ಮಿದುಳಿನ ರಚನೆಯೇ ಬೇರೆಯಾದ ಅದಕ್ಕೂ ನೋವಾಗುವುದಾದರೆ, ನೋವೆಂದರೆ ನಮ್ಮ ಮಿದುಳಿನ ಕ್ರಿಯೆಯೇ ಎನ್ನಲಾದೀತೇ?

ಆತ್ಮವನ್ನು ಒಪ್ಪದ ನಮ್ಮ ಹಳೆಯ ಭೌತವಾದಿಗಳಾದ ಚಾರ್ವಾಕರನ್ನು ಮರೆಯಬೇಡಿ. ಎಲೆ, ಅಡಿಕೆ, ಸುಣ್ಣ ಸೇರಿದಾಗ ಕೆಂಪು ಹುಟ್ಟುವಂತೆ ಭೂಮಿ, ನೀರು, ಬೆಂಕಿ, ಗಾಳಿ ಎಂಬ ಭೂತಗಳು ಸೇರಿ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. ಸೊಗಸಾದ ವಾದವೇ, ಆದರೆ ಕೆಂಪಿಗೆ ರಸಾಯನಶಾಸ್ತ್ರದ ವಿವರಣೆ ಇದೆ, ಅನುಭವಕ್ಕೆ ಅಂಥದ್ದನ್ನು ಅವರು ಕೊಡಬೇಕು. ಇನ್ನೊಂದು ಭಾರತೀಯ ದರ್ಶನದವರಾದ ಸಾಂಖ್ಯರನ್ನು ದೇಕಾರ್ತ್ ಪಕ್ಷಕ್ಕೆ ಸೇರಿಸುವುದು ತಪ್ಪು: ಅವರಿಗೆ ಮನಸ್ಸೂ ಜಡವಾದ ಪ್ರಕೃತಿಯೇ, ಸಾಕ್ಷಿಯಾದ ಪುರುಷನೊಬ್ಬನೇ ಚೇತನ.

ಹೆಚ್ಚಿನವರು ಎಡವುವುದು ಒಂದೇ ಕಡೆ: “ತಲೆಗೆ ಪೆಟ್ಟಾದರೆ ನೆನಪು ಹೋಗುತ್ತದೆ, ಹಾಗಾಗಿ ಮನಸ್ಸೆಂದರೆ ಮಿದುಳು.” ಇದರಿಂದ ಸಿದ್ಧವಾಗುವುದು ಅವಲಂಬನೆ ಮಾತ್ರ, ಅಷ್ಟನ್ನು ಮನಸ್ಸು ದೇಹ ಬೇರೆ ಬೇರೆ ಎನ್ನುವ ದ್ವೈತಿಯೂ ಒಪ್ಪುತ್ತಾನೆ. ದೇಹವಿಲ್ಲದ ಮನಸ್ಸನ್ನು ಕಲ್ಪಿಸಿಕೊಳ್ಳಬಲ್ಲೆ ಎಂದ ಮಾತ್ರಕ್ಕೆ ಅದು ಸಾಧ್ಯವೆಂದೂ ಆಗದು. ಕೊನೆಯ ಕಾಲು ಗಂಟೆ ಪಕ್ಷ ಅದಲುಬದಲು ಮಾಡಿಸಿ. ಎದುರು ಪಕ್ಷವನ್ನು ಅವರೇ ಮೆಚ್ಚುವಂತೆ ಹೇಳಲಾಗದವರು ಎಲಿಜಬೆತ್‌ಳ ಪ್ರಶ್ನೆಗೆ ಮತ್ತೊಮ್ಮೆ ಉತ್ತರಿಸಲಿ.