ಟೆಕ್ಸಾಸಿನ ಟ್ಯಾಕ್ಸ್ ಹಾಲಿಡೇ: ಬಿಲ್ ಹಾಕುವವಳ ಅನುಭವ

ಡಲ್ಲಾಸ್ ಹತ್ತಿರ ಒಂದು ಬಟ್ಟೆ-ಶೂ ಅಂಗಡಿಯಲ್ಲಿ ನಾನು ಬಿಲ್ ಹಾಕುತ್ತೇನೆ. ಆಗಸ್ಟಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಇಲ್ಲಿ ಒಂದು ವಾರ ಶುಕ್ರವಾರದಿಂದ ಭಾನುವಾರದವರೆಗೆ ಕೆಲವು ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. 1999ರಿಂದ ನಡೆದುಕೊಂಡು ಬಂದಿದೆ. ಆ ಮೂರು ದಿನ ನಮಗೆ ಕೂರಲೂ ಪುರುಸೊತ್ತಿಲ್ಲ.

ನಮ್ಮೂರಿನ ಎಂಆರ್‌ಪಿ ಲೆಕ್ಕ ಇಲ್ಲಿ ನಡೆಯೋಲ್ಲ. ಚೀಟಿಯ ಮೇಲಿನ ಬೆಲೆಗೆ ಬಿಲ್ಲಿನಲ್ಲಿ ತೆರಿಗೆ ಸೇರುತ್ತದೆ. ರಾಜ್ಯದ್ದು 6.25%, ಊರಿನದ್ದು 2%ವರೆಗೆ. ಬಟ್ಟೆ, ಶೂ, ಸ್ಕೂಲ್ ಬ್ಯಾಗ್, ನೋಟ್‌ಬುಕ್, ಪೆನ್ಸಿಲ್‌ಗೆಲ್ಲ ಆಗ ಎರಡೂ ಮಾಫಿ.

ಆದರೆ ಒಂದೊಂದು ಸಾಮಾನೂ 100 ಡಾಲರಿಗಿಂತ ಕಡಿಮೆ ಇರಬೇಕು. ಜಗಳ ಶುರುವಾಗುವುದೇ ಇಲ್ಲಿ! ಒಟ್ಟು ಬಿಲ್ ಸಾವಿರ ದಾಟಿದರೂ ತೊಂದರೆಯಿಲ್ಲ. ಆದರೆ ಸರಿಯಾಗಿ 100 ಡಾಲರಿನ ಶೂ ತಂದರೂ ಪೂರ್ತಿ ಬೆಲೆಗೆ ತೆರಿಗೆ. ಒಬ್ಬರು 120 ಡಾಲರಿನ ಜೋಡಿ ಹಿಡಿದುಕೊಂಡು, "ಎಡಗಾಲಿಗೊಂದು, ಬಲಗಾಲಿಗೊಂದು ಬಿಲ್ ಮಾಡಮ್ಮ" ಅಂದರು. ನಗು ಬಂತು. ಜೋಡಿ ಒಡೆಯುವ ಹಾಗಿಲ್ಲ ಅಂತ ನಿಯಮದಲ್ಲೇ ಇದೆ.

ಬೆಲೆ 100 ದಾಟಿದ್ದರೂ ಕೂಪನ್ ಇದ್ದರೆ ಲಾಭವಾಗಬಹುದು. 104 ಡಾಲರಿನ ಶೂಗೆ ಅಂಗಡಿಯ 10 ಡಾಲರ್ ಕೂಪನ್ ಹಾಕಿದರೆ 94 ಆಗುತ್ತದೆ, ತೆರಿಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಇದರ ಉಲ್ಟಾ. 95ರ ಪ್ಯಾಂಟಿಗೆ ಡೆಲಿವರಿ 10 ಸೇರಿದರೆ 105, ಪೂರ್ತಿಗೆ ತೆರಿಗೆ ಬೀಳುತ್ತದೆ. ಅದಕ್ಕೇ ನಾನು ಆರ್ಡರ್ ಮಾಡಿ ಅಂಗಡಿಗೇ ಹೋಗಿ ತರುತ್ತೇನೆ.

ಕೌಂಟರಿನ ಈಚೆ ಕಷ್ಟವೇ ಬೇರೆ. ಓಡುವ ಶೂಗೆ ತೆರಿಗೆ ಇಲ್ಲ, ಮುಳ್ಳಿನ ಫುಟ್‌ಬಾಲ್ ಶೂಗೆ ಇದೆ. ಟೋಪಿಗೆ ಇಲ್ಲ, ಪರ್ಸು, ಕೈಗಡಿಯಾರ, ಕೊಡೆಗೆ ಇದೆ. ಗುರುವಾರ ರಾತ್ರಿಯೇ ಕಂಪ್ಯೂಟರಿನಲ್ಲಿ ಹೊಂದಿಸಿಟ್ಟು, ಪ್ರತಿ ಬಗೆಯಿಂದ ಒಂದೊಂದು ಸಾಮಾನು ಸ್ಕ್ಯಾನ್ ಮಾಡಿ ನೋಡಿಕೊಳ್ಳುತ್ತೇವೆ. ತಪ್ಪಿ ತೆರಿಗೆ ವಸೂಲಾದರೆ ಅಂಗಡಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಗಿರಾಕಿಗೆ ವಾಪಸ್ ಕೊಡಬೇಕು, ಇಲ್ಲವೇ ಸರ್ಕಾರಕ್ಕೆ ಕಟ್ಟಬೇಕು.

500 ಡಾಲರಿಗೆ ಉಳಿಯುವುದು 41 ಚಿಲ್ಲರೆ, ಅಷ್ಟೇ ಅಲ್ವಾ? ಹಾಗಾಗಿ ಮಕ್ಕಳಿಗೆ ಶಾಲೆಗೆ ಬೇಕಾದ್ದನ್ನಷ್ಟೇ ಆಗ ಕೊಳ್ಳುತ್ತೇನೆ. ಚಳಿಗಾಲದ ಜಾಕೆಟ್‌ ಸೀಸನ್ ಮುಗಿದ ಮೇಲೆ ಅರ್ಧ ಬೆಲೆಗೇ ಸಿಗುತ್ತದೆ, ಅದಕ್ಕೆ ಸುಮ್ನೆ ಆತುರ ಬೇಡ.

ಬಿಲ್ ಮಾತ್ರ ಎಸೆಯಬೇಡಿ. ಆಮೇಲೆ ಅದೇ ಅಂಗಿಯ ಸೈಜ್ ಬದಲಿಸಿದರೆ ತೆರಿಗೆ ಇಲ್ಲ. ಅದರ ಬದಲು ಬೇರೆ ಸಾಮಾನು ತೆಗೆದುಕೊಂಡರೆ ಹಾಕಲೇಬೇಕಾಗುತ್ತದೆ.